ಅಪ್‌ಡೇಟ್: ಗೇಮ್‌ಪ್ಯಾಡ್ ಕೊನೆಗೂ ಆಟದಲ್ಲಿ ಕೆಲಸ ಮಾಡುತ್ತಿದೆ

ಬ್ರ್ಯಾಂಡ್ ಹೆಸರಿಲ್ಲದ ನನ್ನ ಯುಎಸ್‌ಬಿ ಗೇಮ್‌ಪ್ಯಾಡನ್ನು ವಿಂಡೋಸ್ ಗುರುತಿಸಿದರೂ ರೇಸಿಂಗ್ ಆಟ ಗುರುತಿಸುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಪೋರ್ಟ್ ಬದಲಿಸಿದ್ದರಿಂದಾಗಲಿ, ಡ್ರೈವರನ್ನು ಮತ್ತೆ ಹಾಕಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಪ್ಯಾಡ್ ಹಳೆಯ ಡೈರೆಕ್ಟ್‌ಇನ್‌ಪುಟ್ (ಪ್ಯಾಡಿನ ಸಂಕೇತಗಳನ್ನು ಆಟಕ್ಕೆ ತಲುಪಿಸುವ ವಿಂಡೋಸ್‌ನ ಹಳೆಯ ವಿಧಾನ) ಬಗೆಯದಾಗಿದ್ದು, ಆಟಕ್ಕೆ ಎಕ್ಸ್‌ಇನ್‌ಪುಟ್ ಎಂಬ ಹೊಸ ವಿಧಾನ ಮಾತ್ರ ತಿಳಿಯುತ್ತಿದ್ದುದೇ ಮೂಲ ಕಾರಣವಾಗಿತ್ತು. ನಿಮ್ಮಲ್ಲೊಬ್ಬರು ಸೂಚಿಸಿದ ಎಕ್ಸ್‌360ಸಿಇ ತಂತ್ರಾಂಶ ಅದನ್ನು ಎಕ್ಸ್‌ಬಾಕ್ಸ್ 360 ಕಂಟ್ರೋಲರ್‌ನಂತೆ ತೋರಿಸಿ ತೊಂದರೆಯನ್ನು ನೀಗಿಸಿತು. ಅದರ 3ನೇ ಆವೃತ್ತಿಯಲ್ಲಿ, 64 ಬಿಟ್ ಆಟದ ಫೋಲ್ಡರಿಗೆ 32 ಬಿಟ್ ಡಿಎಲ್‌ಎಲ್ ಕಡತವನ್ನು (ಆಟ ಬಳಸಿಕೊಳ್ಳುವ ಸಹಾಯಕ ಕೋಡ್) ಹಾಕಿ ಎರಡು ಸಂಜೆ ವ್ಯರ್ಥ ಮಾಡಿಕೊಂಡೆ (ಎರಡೂ ಒಂದೇ ಬಿಟ್‌ನವಾಗಿರಬೇಕಿತ್ತು; ತಪ್ಪು ನನ್ನದೇ). 4ನೇ ಆವೃತ್ತಿಯು ವಿಜೆಮ್‌ಬಸ್ ಡ್ರೈವರ್ ಮೂಲಕ ವರ್ಚುವಲ್ ಕಂಟ್ರೋಲರನ್ನೇ ಸೃಷ್ಟಿಸುವುದರಿಂದ ಆ ಗೋಜಿಲ್ಲ. ಅಚ್ಚರಿಯೆಂದರೆ, ಈ ಪ್ಯಾಡಿನ ಟ್ರಿಗರ್‌ಗಳು ಎಷ್ಟು ಒತ್ತಿದೆವೆಂದು ತಿಳಿಸದ ಬರೀ ಗುಂಡಿಗಳಾದ್ದರಿಂದ ಆಕ್ಸಿಲರೇಟರ್ ಒಂದೋ ಪೂರ್ತಿ, ಇಲ್ಲವೇ ಸೊನ್ನೆ. ಹಾಗಾಗಿ ಅದನ್ನು ಬಲಗಡೆಯ ಸ್ಟಿಕ್‌ಗೆ ವರ್ಗಾಯಿಸಿಕೊಂಡಿದ್ದೇನೆ.