ಜಿಲ್ಲೆಯ ಆರೋಗ್ಯ ವೆಚ್ಚದ ಲೆಕ್ಕ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಆರೋಗ್ಯ ಸೇವೆಗೆ ವರ್ಷಕ್ಕೆ ತಲಾ ಎಷ್ಟು ಸರ್ಕಾರಿ ಹಣ ಖರ್ಚಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಏಕಿಲ್ಲ ಎಂದು ಗ್ರಾಮಸಭೆಯಲ್ಲಿ ಕೇಳಿದಾಗಲೆಲ್ಲ ‘ಅನುದಾನವಿಲ್ಲ’ ಎನ್ನುತ್ತಾರೆ. ಜನರಿಗೆ ಅಂಕಿಯಲ್ಲೇ ಉತ್ತರ ಸಿಗಬೇಕು.

ರಾಜ್ಯದ ಆಯವ್ಯಯದಲ್ಲಿ ಜಿಲ್ಲಾ ಪಂಚಾಯತಿಗೆ ಹಂಚಿದ ಹಣದ ವಿವರ ಕೊಡುವ ಲಿಂಕ್ ಡಾಕ್ಯುಮೆಂಟ್‌ನಲ್ಲಿ 2210 (ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ) ಹಾಗೂ 2211 (ಕುಟುಂಬ ಕಲ್ಯಾಣ) ಲೆಕ್ಕಶೀರ್ಷಿಕೆಗಳ ಹಂಚಿಕೆ ಸಿಕ್ಕಿತು. ಮಾಹಿತಿ ಹಕ್ಕಿನ ಅರ್ಜಿಯಿಂದ ಖಜಾನೆಯ ವೆಚ್ಚದ ವಿವರವೂ ಬಂತು. ಅದರಲ್ಲಿ ಬಹುಪಾಲು ವೇತನಕ್ಕೇ ಹೋಗಿದೆ, ಔಷಧಿಯ ಸಾಲು ತೀರಾ ಸಣ್ಣದು.

ತೊಡಕು ಇಲ್ಲಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣವನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಭರಿಸುತ್ತವೆ. ಅದನ್ನು ಖರ್ಚು ಮಾಡುವುದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ. ಆದರೆ ಆ ಹಣ ರಾಜ್ಯದ ಆಯವ್ಯಯದಲ್ಲೂ ಅನುದಾನವಾಗಿ ದಾಖಲಾಗುತ್ತದೆ. ಜಿಲ್ಲಾಸ್ಪತ್ರೆಯ ಸಲುವಾಗಿ ರಾಜ್ಯ ವಲಯದ ವೆಚ್ಚವನ್ನು (ಜಿಲ್ಲಾ ಪಂಚಾಯತಿಯ ಮೂಲಕವಲ್ಲದೆ ರಾಜ್ಯವೇ ನೇರವಾಗಿ ಮಾಡುವ ವೆಚ್ಚ) ನಾನು ಸೇರಿಸಲೇಬೇಕು. ಅದರ ಜೊತೆಗೆ ಸಂಘದ ವೆಚ್ಚವನ್ನೂ ಕೂಡಿಸಿದರೆ ಅದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ, ಸಂಘದ ಲೆಕ್ಕಪರಿಶೋಧಿತ ವೆಚ್ಚವನ್ನು ಕೂಡಿಸುವಾಗ ರಾಜ್ಯ ವಲಯದಿಂದ ಯಾವ ಮೊತ್ತವನ್ನು ಕಳೆಯಬೇಕು? ಬಿಡುಗಡೆಯಾದ ಅನುದಾನವನ್ನೋ, ಸಂಘ ನಿಜವಾಗಿ ಖರ್ಚು ಮಾಡಿದ್ದನ್ನೋ? ಇಂತಹ ಲೆಕ್ಕ ಮಾಡಿದವರು ದಯವಿಟ್ಟು ತಿಳಿಸಿ.