ಕಾಯಿಲ್‌ಓವರ್ ಹಾಕಿಸಿದ ಮೇಲೆ ಮುಂದೆ ಟಕ್ ಟಕ್, ಹಿಂದೆ ಕುಣಿತ

ತಗ್ಗಿದ_ಕಾರು:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಕಾರಿಗೆ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್) ಸೆಟ್ ಹಾಕಿಸಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ತೊಲೆ), ಅಲ್ಲಿ ಸ್ಪ್ರಿಂಗ್ ಬೇರೆ ಕಡೆ, ಶಾಕ್ ಬೇರೆ ಕಡೆ. ನಾಲ್ಕೂ ಮೂಲೆ ಸುಮಾರು 40 ಮಿ.ಮೀ. ಇಳಿದಿದೆ. ನೋಡೋಕೆ ಚೆನ್ನಾಗಿದೆ, ಓಡಿಸೋಕೆ ಮಾತ್ರ ಬೇಜಾರು.

ನಿಧಾನಕ್ಕೆ ಹೋಗುವಾಗ ಸಣ್ಣ ಸಣ್ಣ ಗುಂಡಿ ಬಂದರೆ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತೆ. ಹಂಪ್ ಇಳಿಯುವಾಗ ಒಂದೇ ಒಂದು ಸಲ ಜೋರಾಗಿ ಕಟಕ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಟೊಂಯ್ ಅಂತ ತಂತಿ ಮೀಟಿದ ಹಾಗೆ. ಇದು ಸಾಲದು ಅಂತ 60–70ರ ವೇಗದಲ್ಲಿ ಹಿಂದಿನ ಸೀಟಿನವರು ಕುದುರೆ ಮೇಲೆ ಕೂತ ಹಾಗೆ ಕುಣಿಯುತ್ತಾರೆ. ಕುಣಿತ ಕಡಿಮೆಯಾಗಲಿ ಅಂತ ಡ್ಯಾಂಪರ್ ನಾಬ್ (ಶಾಕ್ ಎಷ್ಟು ಗಟ್ಟಿ ಇರಬೇಕು ಅಂತ ಹೊಂದಿಸೋ ತಿರುಪು) ಪೂರ್ತಿ ಗಟ್ಟಿಗೆ ತಿರುಗಿಸಿದೆ, ಇನ್ನೂ ಜಾಸ್ತಿ ಆಯ್ತು! ಹಾಕಿದವರನ್ನು ಕೇಳಿದರೆ "ಕಾಯಿಲ್‌ಓವರ್ ಅಂದ್ರೆ ಹಾಗೇ ಸರ್" ಅಂದು ಮುಗಿಸಿದರು. ನಿಜವಾಗ್ಲೂ ಹಾಗೇನಾ?

ನಟ್ಟು_ಬೋಲ್ಟು:
ಹಾಗೇ ಅಲ್ಲ. ಸ್ವಲ್ಪ ಗಟ್ಟಿಯಾಗೋದು ಸಹಜ, ಲೊಟ ಲೊಟ ಅನ್ನೋದು ಸಹಜ ಅಲ್ಲ. ಒಂದು ಪ್ರಶ್ನೆ. 40 ಮಿ.ಮೀ. ಇಳಿಸಿದ್ದು ಹೇಗೆ? ಸ್ಪ್ರಿಂಗ್ ಕೂತಿರುವ ಕಾಲರ್ ಕೆಳಗೆ ತಿರುಗಿಸಿಯೋ ಅಥವಾ ಶಾಕ್‌ನ ಕೆಳಗಿನ ಬ್ರಾಕೆಟ್ ತಿರುಗಿಸಿಯೋ?

ತಗ್ಗಿದ_ಕಾರು:
ಹಾಕುವಾಗ ಪಕ್ಕದಲ್ಲೇ ನಿಂತಿದ್ದೆ, ಕಾಲರ್ ಮಾತ್ರ ತಿರುಗಿಸಿದರು. ಬ್ರಾಕೆಟ್ ಬಾಕ್ಸಿನಿಂದ ಹೇಗೆ ಬಂತೋ ಹಾಗೇ ಇದೆ. ಹಿಂದಿನ ಶಾಕ್ ಉದ್ದವನ್ನೂ ಮುಟ್ಟಿಲ್ಲ.

ನಟ್ಟು_ಬೋಲ್ಟು:
ಸಿಕ್ಕಿತು ನೋಡಿ. ನಿಮ್ಮ ನಾಲ್ಕು ಕಂಪ್ಲೇಂಟಲ್ಲಿ ಎರಡಕ್ಕೆ ಇದೇ ಕಾರಣ ಇರಬೇಕು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಸ್ಪ್ರಿಂಗ್ ಮೇಲೆ 6 ಕೆಜಿ/ಮಿ.ಮೀ. ಅಂತ ಬರೆದಿದ್ದರೆ, ಪ್ರತಿ 6 ಕೆಜಿ ಭಾರಕ್ಕೆ ಅದು 1 ಮಿ.ಮೀ. ಕುಗ್ಗುತ್ತೆ ಅಂತ ಅರ್ಥ. ಮುಂದಿನ ಒಂದು ಮೂಲೆಯಲ್ಲಿ 300 ಕೆಜಿ ಕೂತಿದೆ ಅಂದುಕೊಳ್ಳಿ. ಆಗ ಸ್ಪ್ರಿಂಗ್ ಕುಗ್ಗೋದು 50 ಮಿ.ಮೀ. ಮಾತ್ರ. ಅದೇ ಭಾರಕ್ಕೆ 2.5 ಕೆಜಿಯ ಮೆತ್ತನೆ ಸ್ಪ್ರಿಂಗ್ 120 ಮಿ.ಮೀ. ಕುಗ್ಗುತ್ತಿತ್ತು. ಗಟ್ಟಿ ಸ್ಪ್ರಿಂಗ್‌ನಲ್ಲಿ ಚಕ್ರ 50 ಮಿ.ಮೀ. ಕೆಳಗೆ ಜೋತರೆ ಸಾಕು, ಸ್ಪ್ರಿಂಗ್ ಪೂರ್ತಿ ಹಿಗ್ಗಿ ಮುಗಿಯಿತು. ಕಾಲರನ್ನು ಅಷ್ಟು ಕೆಳಗೆ ಇಳಿಸಿದರೆ ಶಾಕ್ ಇನ್ನೂ ಹಿಗ್ಗುತ್ತಿರುತ್ತೆ, ಸ್ಪ್ರಿಂಗ್ ಮಾತ್ರ ಹಿಡಿತ ಬಿಟ್ಟು ಸಡಿಲವಾಗಿ ನಿಂತಿರುತ್ತೆ. ಹಂಪ್ ಇಳಿದು ಚಕ್ರ ಮತ್ತೆ ಭಾರ ಹೊತ್ತಾಗ ಅದು ಸೀಟಿಗೆ ಬಡಿಯುತ್ತೆ. ನಿಮ್ಮ ಕಟಕ್ ಅದೇ. ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡಿಸಿ. ಅಲ್ಲಾಡಿದರೆ ಬೇರೆ ಪುರಾವೆ ಬೇಡ.

ಈಗ ಹಿಂದಿನ ಕುಣಿತ. ಅಲ್ಲಿ ಸ್ಪ್ರಿಂಗ್ ಇಳಿಸಿದರು, ಶಾಕ್ ಉದ್ದ ಹಾಗೇ ಬಿಟ್ಟರು. ಶಾಕ್ ಆಗಲೇ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಗಿ ನಿಂತಿದೆ. ಜನ ಕೂತ ತಕ್ಷಣ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯೋ ರಬ್ಬರಿನಂಥ ತುಂಡು) ತಾಗುತ್ತೆ. ಬಂಪ್ ಸ್ಟಾಪ್ ಕೂಡ ಒಂದು ಸ್ಪ್ರಿಂಗೇ ಅಲ್ವಾ, ಅದೂ ತುಂಬಾ ಗಟ್ಟಿ ಸ್ಪ್ರಿಂಗ್. ಅದು ವಾಪಸ್ ಒದೆಯೋದನ್ನೇ ನೀವು ಕುಣಿತ ಅಂತಿದ್ದೀರಿ. ಶಾಕ್ ರಾಡಿಗೆ, ಶಾಕ್‌ನ ಬಾಡಿಯ ಹತ್ತಿರ, ಒಂದು ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಟೈ ಬಂಪ್ ಸ್ಟಾಪ್ ತನಕ ತಳ್ಳಿಸಿಕೊಂಡಿದ್ದರೆ ಗೊತ್ತಾಯ್ತು.

ಅದರ ಮೇಲೆ ನಾಬ್ ಪೂರ್ತಿ ಗಟ್ಟಿ ಮಾಡಿದ್ದೀರಿ. ತುಂಬಾ ಸೆಟ್‌ಗಳಲ್ಲಿ ಆ ನಾಬ್ ಮುಖ್ಯವಾಗಿ ರಿಬೌಂಡ್ ಕಡೆ, ಅಂದರೆ ಶಾಕ್ ವಾಪಸ್ ಹಿಗ್ಗುವಾಗ, ಕೆಲಸ ಮಾಡುತ್ತೆ. ಚಕ್ರ ಕೆಳಗೆ ಬರೋಕೆ ಮುಂಚೆಯೇ ಇನ್ನೊಂದು ಗುಂಡಿ ಬರುತ್ತೆ, ಶಾಕ್ ಇನ್ನಷ್ಟು ಒಳಗೆ, ಇನ್ನಷ್ಟು ಒಳಗೆ. ಕೊನೆಗೆ ಪೂರ್ತಿ ಬಂಪ್ ಸ್ಟಾಪ್ ಮೇಲೇ ಓಡ್ತಿರ್ತೀರಿ. ಸದ್ಯಕ್ಕೆ ನಾಲ್ಕೂ ಕಡೆ ಮಧ್ಯದ ಕ್ಲಿಕ್‌ಗೆ ತಂದಿಟ್ಟು ಅದನ್ನು ಮರೆತುಬಿಡಿ.

ಲೋ_ರೈಡ್:
ಇಷ್ಟೆಲ್ಲ ಯಾಕೆ ಗುರು, ಬಂಪ್ ಸ್ಟಾಪ್ ಅರ್ಧ ಕತ್ತರಿಸಿ ಬಿಸಾಕು. ನಾನು ಹಾಗೇ ಮಾಡಿದ್ದೆ, ಕುಣಿತ ನಿಂತಿತ್ತು.

ನಟ್ಟು_ಬೋಲ್ಟು:
ನಿಂತಿತ್ತು ಸರಿ, ಶಾಕ್ ಎಷ್ಟು ದಿನ ಬಂತು?

ಲೋ_ರೈಡ್:
ಅದನ್ನು ಕೇಳಬೇಡಿ 😅 ಎಂಟು ತಿಂಗಳಿಗೆ ಎರಡೂ ಎಣ್ಣೆ ಕಕ್ಕಿದವು.

ಹಳೇ_ಸ್ಪ್ಯಾನರ್:
ಬಂಪ್ ಸ್ಟಾಪ್ ಇರೋದೇ ಒಳಗಿನ ಪಿಸ್ಟನ್ ತಳಕ್ಕೆ ಬಡಿಯದೇ ಇರಲಿ ಅಂತ. ದಯವಿಟ್ಟು ಯಾರೂ ಸುಮ್ನೆ ಕತ್ತರಿಸೋಕೆ ಹೋಗಬೇಡಿ, ಆ ಸೆಟ್ ತಯಾರಿಸಿದವರೇ ಇಷ್ಟು ಕತ್ತರಿಸಿ ಅಂತ ಹೇಳಿದ್ದರೆ ಮಾತ್ರ ಬೇರೆ ಮಾತು.

ಉಳಿದ ಎರಡು ಶಬ್ದದ ಬಗ್ಗೆ ನಾನು ಹೇಳ್ತೀನಿ. ಸಣ್ಣ ಗುಂಡಿಯ ಟಕ್ ಟಕ್ ಹತ್ತರಲ್ಲಿ ಎಂಟು ಸಲ ಲಿಂಕ್ ರಾಡ್, ಅಂದರೆ ತಿರುವಿನಲ್ಲಿ ಕಾರು ಹೆಚ್ಚು ವಾಲದ ಹಾಗೆ ಹಿಡಿಯೋ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್‌ಗೆ ಜೋಡಿಸೋ ಕಡ್ಡಿ. ಅದರ ನಟ್ ಬಿಗಿ ಮಾಡುವಾಗ ಒಳಗಿನ ಬಾಲ್ ಸ್ಟಡ್ಡೂ ಜೊತೆಗೇ ಸುತ್ತುತ್ತೆ. ಬಿಗಿಯಾಯ್ತು ಅನ್ನಿಸುತ್ತೆ, ಆಗಿರಲ್ಲ. ಸ್ಟಡ್ಡಿನ ತುದಿಯನ್ನು ಅಲೆನ್ ಕೀಲಿ ಅಥವಾ ಹಿಂದಿನಿಂದ ತೆಳು ಸ್ಪ್ಯಾನರಲ್ಲಿ ಹಿಡಿದು ನಟ್ ತಿರುಗಿಸಬೇಕು. ಅನುಮಾನ ಇದ್ದರೆ ಎರಡೂ ಕಡೆಯ ಲಿಂಕ್ ಬಿಚ್ಚಿ, ಸ್ಟೆಬಿಲೈಸರ್ ಬಾರ್ ಯಾವುದಕ್ಕೂ ತಾಗದ ಹಾಗೆ ಕಟ್ಟಿ, ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ಓಡಿಸಿ ನೋಡಿ. ಶಬ್ದ ಹೋದರೆ ಕಳ್ಳ ಸಿಕ್ಕ. ಕಾರು ಇಳಿಸಿದ ಮೇಲೆ ಹಳೇ ಲಿಂಕ್ ಉದ್ದ ಜಾಸ್ತಿಯಾಗಿ ಬಾರ್ ಹೋಗಿ ಡ್ರೈವ್ ಶಾಫ್ಟಿಗೋ ಲೋಯರ್ ಆರ್ಮ್‌ಗೋ (ಚಕ್ರವನ್ನು ಕೆಳಗಡೆಯಿಂದ ಹಿಡಿಯೋ ತೋಳು) ತಾಗೋದೂ ಉಂಟು, ಅಲ್ಲಿ ಉಜ್ಜಿದ ಗುರುತು ಹುಡುಕಿ.

ಟೊಂಯ್ ಅನ್ನೋದು ಮೇಲಿನ ಮೌಂಟ್ ಕಡೆಯದು. ಸ್ಟೇರಿಂಗ್ ತಿರುಗಿಸಿದಾಗ ಸ್ಟ್ರಟ್ಟೂ ಸ್ಪ್ರಿಂಗೂ ಒಟ್ಟಿಗೆ ಸುತ್ತಬೇಕು. ಮೇಲಿನ ಬೇರಿಂಗ್ ಹಿಡಿದುಕೊಂಡಿದ್ದರೆ, ಅಥವಾ ವಾಷರ್ ಹಿಂದುಮುಂದಾಗಿ ಕೂತಿದ್ದರೆ, ಸ್ಪ್ರಿಂಗ್ ತಿರುಚಿಕೊಂಡು ಆಮೇಲೆ ಒಮ್ಮೆಗೇ ಜಾರುತ್ತೆ. ಬೇರೆಯವರಿಗೆ ಸ್ಟೇರಿಂಗ್ ತಿರುಗಿಸೋಕೆ ಹೇಳಿ ನೀವು ಸ್ಪ್ರಿಂಗ್ ಹೊರಗಡೆ ಅಂಗೈ ಇಡಿ, ಸುರುಳಿಗಳ ಮಧ್ಯೆ ಬೆರಳು ಬೇಡ. ಎಗರಿದ್ದು ಕೈಗೇ ಗೊತ್ತಾಗುತ್ತೆ. ಇನ್ನೊಂದು, ಲೋಯರ್ ಆರ್ಮ್ ಬೋಲ್ಟ್ ಬಿಚ್ಚಿದ್ದರೆ ಅದನ್ನು ಕೊನೆಯದಾಗಿ ಬಿಗಿ ಮಾಡಬೇಕಾದ್ದು ಚಕ್ರದ ಮೇಲೆ ಭಾರ ಬಿದ್ದಾಗ. ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ ಬುಷ್ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ.

ತಗ್ಗಿದ_ಕಾರು:
ಭಾನುವಾರ ಪೂರ್ತಿ ಕಾರಿನ ಕೆಳಗೇ ಇದ್ದೆ. ನೀವಿಬ್ಬರೂ ಹೇಳಿದ್ದು ಹೆಚ್ಚುಕಮ್ಮಿ ಸರಿ. ಮುಂದಿನ ಎರಡೂ ಸ್ಪ್ರಿಂಗ್ ಕೈಯಲ್ಲಿ ಸುತ್ತಿಸಬಹುದಿತ್ತು, ಒಂದು ಬೆರಳು ದಪ್ಪ ಸಂದು! ಕಾಲರ್ ಮೇಲೆ ತಂದು ಸ್ಪ್ರಿಂಗ್ ಸೀಟಿಗೆ ತಾಗಿಸಿ, ಪುಸ್ತಕದಲ್ಲಿ ಹೇಳಿದ 2 ಮಿ.ಮೀ. ಪ್ರೀಲೋಡ್ (ಭಾರ ಬೀಳೋ ಮುಂಚೆಯೇ ಸ್ಪ್ರಿಂಗನ್ನು ಅಷ್ಟು ಕುಗ್ಗಿಸೋದು) ಕೊಟ್ಟು, ಎತ್ತರವನ್ನು ಬ್ರಾಕೆಟ್‌ನಲ್ಲಿ ಇಳಿಸಿದೆ. ಕಟಕ್ ಹೋಯ್ತು. ಹಿಂದಿನ ಕೇಬಲ್ ಟೈ ಬಂಪ್ ಸ್ಟಾಪಿಗೆ ಹೋಗಿ ಅಂಟಿಕೊಂಡಿತ್ತು. ಶಾಕ್ ಉದ್ದ 30 ಮಿ.ಮೀ. ಕಡಿಮೆ ಮಾಡಿ, ಹಿಂದೆ 10 ಮಿ.ಮೀ. ಎತ್ತರಿಸಿದೆ. ಈಗ ಹಿಂದೆ ಕೂತ ಅಮ್ಮ ನಿದ್ದೆ ಮಾಡ್ತಾರೆ.

ಟಕ್ ಟಕ್ ಎಡಗಡೆ ಲಿಂಕ್ ರಾಡಿನ ಮೇಲಿನ ನಟ್, ಮುಕ್ಕಾಲು ಸುತ್ತು ಸಡಿಲ ಇತ್ತು. ಟೊಂಯ್ ಮಾತ್ರ ಇನ್ನೂ ಇದೆ, ಬಲಗಡೆ ಸ್ಪ್ರಿಂಗ್ ಎಗರುತ್ತೆ. ಹೊಸ ಬೇರಿಂಗ್ ಹಾಕಬೇಕಾ, ಗ್ರೀಸ್ ಹಾಕಿದರೆ ಸಾಕಾ?

ಹಳೇ_ಸ್ಪ್ಯಾನರ್:
ಹಿಂದಿನ ಚಕ್ರ ಎತ್ತಿ ಜೋತು ಬಿಟ್ಟಾಗ ಅಲ್ಲೂ ಸ್ಪ್ರಿಂಗ್ ಸೀಟು ಬಿಡ್ತಾ ಇಲ್ಲ ತಾನೇ? ಅದೊಂದು ನೋಡಿಬಿಡಿ. ಬೇರಿಂಗ್ ವಿಷಯಕ್ಕೆ, ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಹೊಸದೇ ಹಾಕಿ, ನುಣ್ಣಗೆ ತಿರುಗಿದರೆ ಒರೆಸಿ ಗ್ರೀಸ್ ಹಾಕಿ ವಾಷರ್ ಕ್ರಮ ಚಿತ್ರದ ಜೊತೆ ಹೋಲಿಸಿ ಕೂರಿಸಿ. ಮೇಲಿನ ನಟ್ ಇಂಪ್ಯಾಕ್ಟ್ ಗನ್ನಲ್ಲಿ ಹೊಡೆಯಬೇಡಿ, ರಾಡ್ ಸುತ್ತಿ ಒಳಗಿನ ಸೀಲ್ ಹಾಳಾಗುತ್ತೆ. ಸ್ಪ್ರಿಂಗ್ ಒತ್ತಡದಲ್ಲಿ ಇರುವಾಗ ಆ ನಟ್ ಬಿಚ್ಚಲೇಬೇಡಿ, ಮೊದಲು ಕಾಲರ್ ಕೆಳಗಿಳಿಸಿ ಸಡಿಲ ಮಾಡಿ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದ್ದರಿಂದ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗಿರುತ್ತೆ, ಹಾಗೇ ಬಿಟ್ಟರೆ ಟೈರ್ ತಿಂದುಹಾಕುತ್ತೆ.

ತಗ್ಗಿದ_ಕಾರು:
ಹಿಂದಿನ ಸ್ಪ್ರಿಂಗ್ ನೋಡಿದೆ, ಬಿಗಿಯಾಗಿದೆ. ಮುಂದಿನ ಭಾನುವಾರ ಬೇರಿಂಗ್ ಬಿಚ್ಚಿ ಫೋಟೋ ಹಾಕ್ತೀನಿ.