ಝೀನ್, ಗುರುತು, ಅಸ್ಮಿತೆ: ಯಾವುದನ್ನು ಎಲ್ಲಿ ಬಳಸೋಣ?

ಗೆಳೆಯರೇ,

ಎರಡು ಪದಗಳ ವಿಚಾರದಲ್ಲಿ ನಿಮ್ಮ ನೆರವು ಬೇಕಿತ್ತು. ಒಂದು ಝೀನ್, ಇನ್ನೊಂದು ಐಡೆಂಟಿಟಿ. ಮೊದಲನೆಯದು ಬೇಗ ಮುಗಿಯಬಹುದು. ಎರಡನೆಯದರಲ್ಲೇ ನಿಜವಾದ ತೊಡಕು ಇರುವುದು.

ಬೆಂಗಳೂರಿನಲ್ಲಿ ಕೆಲವು ಯುವ ಕಲಾವಿದರು ಸೇರಿ ಒಂದು ಪುಟ್ಟ ಪತ್ರಿಕೆ ಮಾಡುತ್ತಿದ್ದಾರೆ. ಪ್ರಕಾಶಕರಿಲ್ಲ, ಜಾಹೀರಾತಿಲ್ಲ. ಚಿತ್ರ ಅವರದೇ, ಬರಹ ಅವರದೇ, ಜೆರಾಕ್ಸ್ ಮಾಡಿಸಿ ಪಿನ್ ಹೊಡೆಯುವವರೂ ಅವರೇ. ಇಂಥ ಪತ್ರಿಕೆಗೇ ಇಂಗ್ಲಿಷಿನಲ್ಲಿ ಝೀನ್ ಎನ್ನುವುದು. ‘ನಾನು ಯಾರು, ಬೇರೆಯವರು ನನ್ನನ್ನು ಯಾರು ಅಂತ ಅಂದುಕೊಂಡಿದ್ದಾರೆ’ ಎನ್ನುವುದು ವಿಷಯ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವವರು ಆ ಗುಂಪಿನಲ್ಲಿದ್ದಾರೆ. ಹೆಸರಿನಿಂದ ಜಾತಿಯ ಬಾಲ ಕಿತ್ತು ಹಾಕಿದವರಿದ್ದಾರೆ. ಹೆಣ್ಣು, ಗಂಡು ಎರಡೂ ತಮಗೆ ಒಪ್ಪುವುದಿಲ್ಲ ಎನ್ನುವವರೂ ಇದ್ದಾರೆ. ಕನ್ನಡ ಪುಟಗಳನ್ನು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಝೀನ್ ಅನ್ನು ಹಾಗೇ ಇಟ್ಟುಕೊಳ್ಳೋಣ ಎಂದು ನನ್ನ ಅಭಿಪ್ರಾಯ. ‘ಕಿರುಪತ್ರಿಕೆ’ ಎಂದರೆ ನಮ್ಮ ಕಣ್ಮುಂದೆ ಬರುವುದು ಬೇರೆಯೇ ಪರಂಪರೆ. ಕವಿ ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ಶುರು ಮಾಡಿದ ‘ಸಾಕ್ಷಿ’, ಆಮೇಲೆ ಧಾರವಾಡದ ‘ಸಂಕ್ರಮಣ’. ಅವುಗಳಿಗೆ ಸಂಪಾದಕರಿದ್ದರು, ಚಂದಾದಾರರಿದ್ದರು, ಒಂದು ಸಾಹಿತ್ಯದ ನಿಲುವಿತ್ತು. ಝೀನ್‌ಗೆ ಇದ್ಯಾವುದೂ ಬೇಕಿಲ್ಲ. ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಎಂಟು ಮನೆ ಮಾಡಿಕೊಂಡು, ನಡುವೆ ಕತ್ತರಿಯಿಂದ ಒಂದು ಸೀಳು ಕೊಟ್ಟು ತಿರುಗಿಸಿ ಮಡಚಿದರೆ ಎಂಟು ಪುಟದ ಪುಸ್ತಕ ಕೈಗೆ ಬರುತ್ತದೆ. ಅದಕ್ಕೆ ಪಿನ್ನೂ ಬೇಡ. ಸ್ವಲ್ಪ ದಪ್ಪ ಆದರೆ ಸುಲ್ತಾನ್‌ಪೇಟೆಯ ಅಂಗಡಿಯವರ ಮಾತಿನಲ್ಲಿ ‘ಸೆಂಟರ್ ಪಿನ್’ ಹೊಡೆಸಿದರೆ ಮುಗಿಯಿತು.

ಮಡಚುವ ಪುಸ್ತಕಕ್ಕೆ ನಮ್ಮಲ್ಲೇ ಒಂದು ಹಳೆಯ ಪದ ಇದೆಯಲ್ಲ, ‘ಕಡತ’. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಬಳಪದಲ್ಲಿ ಲೆಕ್ಕಪತ್ರ ಬರೆದು, ಹಿಂದೆ ಮುಂದೆ ಮಡಿಕೆ ಹಾಕಿ ಇಡುತ್ತಿದ್ದರು. ಎಂಥ ಒಳ್ಳೆಯ ಪದ! ಆದರೆ ಅದನ್ನು ಸರ್ಕಾರಿ ಕಚೇರಿ ತೆಗೆದುಕೊಂಡುಬಿಟ್ಟಿದೆ. ‘ಕಡತ ವಿಲೇವಾರಿ’ ಎಂದು ಕೇಳಿ ಕೇಳಿ ಈಗ ಆ ಪದಕ್ಕೆ ಕೆಂಪು ದಾರ ಸುತ್ತಿಕೊಂಡಿದೆ. ವಾಪಸ್ ಪಡೆಯುವ ಆಸೆ ನನಗಿದೆ, ಈ ಸಂಚಿಕೆಯಲ್ಲಿ ಆಗಲಿಕ್ಕಿಲ್ಲ.

ಬರೆಯುವ ರೀತಿ ಮಾತ್ರ ‘ಝೀನ್’ ಎಂದೇ ಇರಲಿ. ‘ಜೀನ್’ ಎಂದರೆ ವಂಶವಾಹಿ, ಜೀನು ಎಂದರೆ ಕುದುರೆಯ ತಡಿ. ಇಂಗ್ಲಿಷ್ ಕಾಗುಣಿತ ನೋಡಿದ ಹಲವರು ‘ಜೈನ್’ ಎಂದು ಓದುತ್ತಾರೆ. ‘ನಾನು ಯಾರು’ ಎಂದು ಕೇಳುವ ಪತ್ರಿಕೆಯ ಮೇಲೆ ವಂಶವಾಹಿಯೋ ಒಂದು ಧರ್ಮದ ಹೆಸರೋ ಕಂಡರೆ ಅರ್ಥವೇ ಕೆಟ್ಟುಹೋಗುತ್ತದೆ, ಅಲ್ವಾ? ಮುಂದೆ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಇದನ್ನು ಹರಡಿಕೊಂಡು ಕೂರುವ ಯೋಚನೆ ಅವರಿಗಿದೆ. ಅಲ್ಲಿ ನಡೆದು ಹೋಗುವವರು ಒಂದೇ ನೋಟಕ್ಕೆ ಓದುವ ಹಾಗಿರಬೇಕು.

‘ಫ್ಯಾನ್‌ಝೀನ್’ ಎಂಬ ಮೂಲ ಪದ ಹುಟ್ಟಿದ್ದು 1940ರಲ್ಲಿ, ಅಮೆರಿಕದ ವಿಜ್ಞಾನಕಥೆಗಳ ಅಭಿಮಾನಿಗಳ ನಡುವೆ. ಅಂಥ ಪತ್ರಿಕೆಗಳು ಅದಕ್ಕೆ ಹತ್ತು ವರ್ಷ ಮೊದಲೇ ಇದ್ದವು. 1970ರ ದಶಕದಲ್ಲಿ ಪಂಕ್ ಸಂಗೀತದವರು ಅದನ್ನು ಜೆರಾಕ್ಸ್ ಯಂತ್ರಕ್ಕೆ ತಂದರು. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಹುಡುಗಿಯರು ತಮ್ಮ ಮೈ, ಮನಸ್ಸು, ಭಯಗಳ ಬಗ್ಗೆ ಅದರಲ್ಲೇ ಬರೆದುಕೊಂಡರು. ಅಷ್ಟು ಹೊತ್ತಿಗೆ ಯಾರ ಅಭಿಮಾನಿಯೂ ಆಗಿರಬೇಕಿಲ್ಲದೆ ಬರೀ ‘ಝೀನ್’ ಆಗಿತ್ತು. ಹಾಗಾಗಿ ‘ಅಭಿಮಾನಿ ಪತ್ರಿಕೆ’ ಎನ್ನೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಕನ್ನಡದಲ್ಲಿ ಅಭಿಮಾನಿ ಎಂದ ತಕ್ಷಣ ನೆನಪಾಗುವುದು ಅಣ್ಣಾವ್ರ ‘ಅಭಿಮಾನಿ ದೇವರುಗಳು’.

ಇನ್ನು ಐಡೆಂಟಿಟಿ.

ಪತ್ರಿಕೆಗಳಲ್ಲಿ ಈಗ ‘ಅಸ್ಮಿತೆ’ ಜಾಸ್ತಿ. ‘ಅಸ್ಮಿ’ ಎಂದರೆ ‘ಇದ್ದೇನೆ’. ಅದರಿಂದ ಆದ ಪದ ಇದು. ಪತಂಜಲಿಯ ಯೋಗಸೂತ್ರದಲ್ಲಿ ಇದು ಐದು ಕ್ಲೇಶಗಳಲ್ಲಿ ಎರಡನೆಯದು, ಅಂದರೆ ಕಳೆದುಕೊಳ್ಳಬೇಕಾದ ‘ನಾನು’. ಇಂದಿನ ಕನ್ನಡದಲ್ಲಿ ಅದು ಕಾಪಾಡಿಕೊಳ್ಳಬೇಕಾದ ‘ನಾವು’ ಆಗಿದೆ. ಕನ್ನಡದ ಅಸ್ಮಿತೆ, ನಾಡಿನ ಅಸ್ಮಿತೆ. 2023ರಲ್ಲಿ ನಂದಿನಿ ಹಾಲಿನ ಬಗ್ಗೆ ಗಲಾಟೆ ಎದ್ದಾಗಲೂ ಈ ಪದ ಸಾಕಷ್ಟು ಕೇಳಿಬಂತು. ಅದರಲ್ಲಿ ತಪ್ಪೇನೂ ಇಲ್ಲ, ಆ ಜಾಗಕ್ಕೆ ಅದು ಸರಿಯಾದ ಪದವೇ. ಆದರೆ ಒಬ್ಬಳೇ ಹುಡುಗಿ ತನ್ನ ಕೋಣೆಯಲ್ಲಿ ಕೂತು ಬಿಡಿಸಿದ ಚಿತ್ರಕ್ಕೆ ಅದು ತೀರಾ ದೊಡ್ಡ ದನಿ.

‘ಅನನ್ಯತೆ’ ಎಂದರೆ ಓದುಗರು ‘ಸಾಟಿ ಇಲ್ಲದ್ದು’ ಎಂದೇ ತಿಳಿಯುತ್ತಾರೆ. ‘ತನ್ನತನ’ ನನಗೆ ತುಂಬ ಇಷ್ಟದ ಪದ. ಆದರೆ ಅದು ಯಾವಾಗಲೂ ಮೆಚ್ಚುಗೆಯ ಮಾತು, ‘ತನ್ನತನ ಬಿಟ್ಟುಕೊಡಲಿಲ್ಲ’ ಎನ್ನುತ್ತೇವೆ. ಬೇಡವೆಂದರೂ ಮೈಗೆ ಅಂಟಿಸಿದ ಹಣೆಪಟ್ಟಿಯೂ ಐಡೆಂಟಿಟಿಯೇ. ಅದನ್ನು ತನ್ನತನ ಎನ್ನಲು ಬಾಯಿ ಬರುವುದಿಲ್ಲ.

ಉಳಿದದ್ದು ‘ಗುರುತು’. ಝೀನ್‌ನಲ್ಲಿ ಒಂದು ಪುಟ ಇದೆ. ಕಲಾವಿದೆ ತನ್ನ ಮತದಾರರ ಗುರುತಿನ ಚೀಟಿಯ ಜೆರಾಕ್ಸ್ ತೆಗೆಸಿ, ಆ ಜೆರಾಕ್ಸಿನ ಜೆರಾಕ್ಸ್, ಅದರದ್ದೂ ಜೆರಾಕ್ಸ್, ಹೀಗೆ ಮಾಡುತ್ತಾ ಹೋಗಿದ್ದಾಳೆ. ಸಾಲಾಗಿ ಅಂಟಿಸಿದ ಆ ಚಿತ್ರಗಳಲ್ಲಿ ಮೊದಲು ಕಣ್ಣಿನ ಬಿಳಿ ಹೋಗುತ್ತದೆ, ಆಮೇಲೆ ಮೂಗು. ಕೊನೆಯದರಲ್ಲಿ ಮುಖ ಇದ್ದ ಕಡೆ ಕಪ್ಪು ಮಚ್ಚೆ. ಹೆಸರು, ತಂದೆಯ ಹೆಸರು ಮಾತ್ರ ಇನ್ನೂ ಓದಲು ಬರುತ್ತವೆ. ಕೆಳಗೆ ಕೈಬರಹದಲ್ಲಿ ‘ಗುರುತು ಸಿಕ್ತಾ?’ ಎಂದಿದೆ. ಯಾರೋ ಅದರ ಪಕ್ಕ ‘ಅಸ್ಮಿತೆ’ ಎಂದು ತಲೆಬರಹ ಹಾಕಲು ಹೋದರು, ಆಕೆ ಬಿಡಲಿಲ್ಲ. ಆಕೆಯ ನಿಲುವೇ ಸರಿ. ‘ಅಸ್ಮಿತೆ ಸಿಕ್ತಾ’ ಎಂದು ಯಾವ ಕನ್ನಡಿಗರೂ ಕೇಳುವುದಿಲ್ಲ.

ಆದರೂ ಗುರುತು ಎನ್ನುವುದು ಹೆಚ್ಚಾಗಿ ಹೊರಗಿನವರ ಕೈಯಲ್ಲಿರುವ ವಸ್ತು. ಗುರುತು ಹಿಡಿಯುವವರು, ಗುರುತು ಹಚ್ಚುವವರು, ಗುರುತಿಸಿ ಸನ್ಮಾನ ಮಾಡುವವರು ಎಲ್ಲರೂ ಬೇರೆಯವರೇ. ಈ ಊರಿನಲ್ಲಿ ಬಾಡಿಗೆಮನೆ ಹುಡುಕಿಕೊಂಡು ಹೋದವರಿಗೆ ಗೊತ್ತು. ‘ಯಾವೂರು ನಿಮ್ದು?’ ಆದಮೇಲೆ ಸ್ವಲ್ಪ ದನಿ ತಗ್ಗಿಸಿ ‘ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಜಾತಿ ಎಂಬ ಪದ ಬಾಯಿಗೆ ಬರದೆಯೇ ಜಾತಿ ಕೇಳಿ ಆಯಿತು. ಝೀನ್‌ನ ಮುಖಪುಟಕ್ಕೆ ಬರೀ ‘ಗುರುತು’ ಎಂದು ಹಾಕಿದರೆ ಈ ಪ್ರಶ್ನೆ ಕೇಳುವವರ ಪಕ್ಕ ನಿಂತ ಹಾಗಾಗುತ್ತದೇನೋ ಎಂಬ ಅಳುಕು ನನಗೆ.

ದಾರಿ ಇರುವುದು ‘ಕೊಳ್ಳು’ ಎಂಬ ಪುಟ್ಟ ಕ್ರಿಯಾಪದದಲ್ಲಿ. ಗುರುತಿಸು ಎಂದರೆ ಇನ್ನೊಬ್ಬರ ಕೆಲಸ. ಗುರುತಿಸಿಕೊಳ್ಳು ಎಂದರೆ ನನ್ನ ಕೆಲಸ. ‘ನಾನು ಹೀಗೆ ಗುರುತಿಸಿಕೊಳ್ಳುತ್ತೇನೆ’ ಎಂಬುದು ಯಾರಿಗೂ ತೊಡಕಾಗದ ಕನ್ನಡ. ಲೇಖನಗಳಲ್ಲಿ ಐಡೆಂಟಿಟಿ ಬಂದ ಕಡೆಯಲ್ಲೆಲ್ಲ ನಾಮಪದ ಹುಡುಕುವುದನ್ನು ಬಿಟ್ಟು ಈ ಕ್ರಿಯಾಪದ ಹಾಕಿದೆ. ವಾಕ್ಯಗಳು ತಾವಾಗಿ ಸಡಿಲವಾದವು.

ಇದೇ ಕೆಲಸದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕೊನೆಯ ಪುಟದಲ್ಲಿ ಬರೆದವರ ಪರಿಚಯ ಇದೆ. ಒಬ್ಬರಿಗೆ ಕಲಾವಿದ ಎಂದರೂ ಒಗ್ಗುವುದಿಲ್ಲ, ಕಲಾವಿದೆ ಎಂದರೂ ಒಗ್ಗುವುದಿಲ್ಲ. ‘ಬೆಳೆದನು, ಬೆಳೆದಳು’ ಎರಡೂ ಬೇಡ. ‘ಬೆಳೆದರು’ ಎಂದರೆ ಆಗುತ್ತದೆ, ಆದರೆ ಇಪ್ಪತ್ತರ ವಯಸ್ಸಿನವರಿಗೆ ಅದು ಹಿರಿಯರ ಸನ್ಮಾನಪತ್ರದಂತೆ ಕೇಳುತ್ತದೆ. ಕೊನೆಗೆ ಎಲ್ಲರ ಪರಿಚಯವನ್ನೂ ಅವರವರ ಬಾಯಲ್ಲೇ ಬರೆಸಿದೆವು. ‘ನಾನು ಶ್ರೀರಾಂಪುರದಲ್ಲಿ ಬೆಳೆದೆ.’ ಅಷ್ಟೇ, ಹೆಣ್ಣೋ ಗಂಡೋ ಎಂದು ಕ್ರಿಯಾಪದ ಕೇಳಲೇ ಇಲ್ಲ. ಹಿಂದಿಯಲ್ಲಾದರೆ ‘ನಾನು ಬಂದೆ’ ಎನ್ನಲೂ ಲಿಂಗ ಹೇಳಲೇಬೇಕು. ಕನ್ನಡ ನನ್ನ ಬಗ್ಗೆ ಇನ್ನೊಬ್ಬರು ಮಾತಾಡುವಾಗ ಲಿಂಗ ಕೇಳುತ್ತದೆ, ನಾನೇ ಮಾತಾಡುವಾಗ ಕೇಳುವುದಿಲ್ಲ. ಇಷ್ಟು ವರ್ಷ ಇದೇ ನುಡಿಯಲ್ಲಿ ಬದುಕಿ ಇದನ್ನು ನಾನು ಯೋಚಿಸಿರಲಿಲ್ಲ. ತುಂಬ ಖುಷಿಯಾಯಿತು.

ಒಳಪುಟಗಳ ಸಮಸ್ಯೆ ಹೀಗೆ ನೀಗಿತು. ಮುಖಪುಟಕ್ಕೆ ಮಾತ್ರ ನಾಮಪದವೇ ಬೇಕಂತೆ. ‘ಗುರುತಿಸಿಕೊಳ್ಳುವಿಕೆ’ ಪಠ್ಯಪುಸ್ತಕದ ಪದ, ಆಗುವುದಿಲ್ಲ. ‘ನನ್ನ ಗುರುತು’ ಎಂದರೆ ಅರ್ಜಿ ನಮೂನೆಯ ಒಂದು ಕಲಮಿನಂತಿದೆ. ‘ಕುರುಹು’ ಎನ್ನಬಹುದೇ? ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಎಂದು ಶರಣರ ಪರಂಪರೆ ಕರೆದಾಗ, ಅದು ಒಳಗಿನದನ್ನು ಹೊರಗೆ ತೋರುವ ಚಿಹ್ನೆ. ಅರ್ಥ ಹತ್ತಿರವಿದೆ. ಆದರೆ ಈಗಿನ ಓದುಗರಿಗೆ ಕುರುಹು ಎಂದರೆ ಪತ್ತೇದಾರರು ಹುಡುಕುವ ಸುಳಿವು ಎಂದು ಅನ್ನಿಸುತ್ತದೆಯೇ, ಅಥವಾ ವಚನದ ಆ ಅರ್ಥ ಇನ್ನೂ ಉಳಿದಿದೆಯೇ?

ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರದ ಕಡೆಯವರು ದಯವಿಟ್ಟು ತಿಳಿಸಿ. ಮನೆತನ, ಜಾತಿ, ಊರು ಬಿಟ್ಟು ಒಬ್ಬ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತಾರೆ? ಒಂದೇ ಪದ ಆಗಬೇಕೆಂದಿಲ್ಲ, ನುಡಿಗಟ್ಟಾದರೂ ಸರಿ. ಯಾರು, ಯಾವ ಸಂದರ್ಭದಲ್ಲಿ ಹಾಗೆ ಅನ್ನುತ್ತಾರೆ ಎಂದು ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.